ಸಾಲ ಮಾಡಿ ಇಂಜಿನಿಯರಿಂಗ್ ಸೀಟು ತಗೊಳ್ಳುವ ಮುಂಚೆ ಹಾಕಬೇಕಾದ ಲೆಕ್ಕ

ಸಿಇಟಿ ರ‍್ಯಾಂಕ್ ಬಂದ ವಾರ ಮನೆಗಳಲ್ಲಿ ಎರಡೇ ಮಾತು. ಯಾವ ಕಾಲೇಜು, ಯಾವ ಬ್ರ್ಯಾಂಚ್. ಸಾಲ ಎಷ್ಟಾಗುತ್ತದೆ, ಅದನ್ನು ತೀರಿಸುವಷ್ಟು ಸಂಬಳ ಆ ಕಾಲೇಜಿನಿಂದ ಹೊರಬಂದವರಿಗೆ ನಿಜಕ್ಕೂ ಸಿಗುತ್ತಿದೆಯಾ ಅನ್ನೋ ಮಾತು ಬರುವುದು ಸೀಟು ಕನ್ಫರ್ಮ್ ಆಗಿ, ಬ್ಯಾಂಕ್ ಮ್ಯಾನೇಜರ್ ಎದುರು ಕೂತ ಮೇಲೆ. ಅಷ್ಟೊತ್ತಿಗೆ ಹಿಂದೆ ಬರೋದು ಕಷ್ಟ. ಅದಕ್ಕೇ ಹೇಳುತ್ತಿದ್ದೇನೆ, ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ವೆಬ್‌ಸೈಟಿನಲ್ಲಿ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಬ್ರ್ಯಾಂಚನ್ನು ಆಯ್ದು ದಾಖಲಿಸುವುದು) ಶುರುವಾಗುವ ಮುಂಚೆಯೇ ಒಂದು ಮಧ್ಯಾಹ್ನ ಇದಕ್ಕೆ ಇಡಿ. ಒಂದು ಹಾಳೆ, ಪೆನ್ನು, ಫೋನು ಸಾಕು. ಅಪ್ಪ ಅಮ್ಮ ಜೊತೆಗೇ ಕೂರಬೇಕು, ಮಗ ಅಥವಾ ಮಗಳೂ ಕೂರಬೇಕು, ಯಾಕಂದರೆ ಸಾಲದ ಪತ್ರದಲ್ಲಿ ಇಬ್ಬರ ಸಹಿಯೂ ಇರುತ್ತದೆ.

ಮೊದಲು ಕಾಲೇಜಿನ ನಿಜವಾದ ಸಂಖ್ಯೆ ಹುಡುಕಿ

ಹೈವೇ ಪಕ್ಕದ ಫ್ಲೆಕ್ಸಿನಲ್ಲಿ ಇರುವ "ಗರಿಷ್ಠ ಪ್ಯಾಕೇಜ್ 50 ಲಕ್ಷ" ಒಬ್ಬ ವಿದ್ಯಾರ್ಥಿಯದ್ದು. ಆ ಒಬ್ಬ ನಿಮ್ಮ ಮಗನೇ ಆಗುತ್ತಾನೆ ಅಂತ ಸಾಲ ಮಾಡಲು ಆಗುವುದಿಲ್ಲ. "ಸರಾಸರಿ ಪ್ಯಾಕೇಜ್" ಕೂಡ ನಂಬಬೇಡಿ. ಹತ್ತು ಜನರಲ್ಲಿ ಒಂಬತ್ತು ಜನಕ್ಕೆ 3.5 ಲಕ್ಷ, ಒಬ್ಬನಿಗೆ 40 ಲಕ್ಷ ಬಂದರೆ ಸರಾಸರಿ ಏಳು ಲಕ್ಷ ದಾಟುತ್ತದೆ, ಆದರೆ ಆ ಏಳು ಲಕ್ಷ ಅಲ್ಲಿ ಯಾರ ಕೈಗೂ ಬಂದಿಲ್ಲ.

ನಮಗೆ ಬೇಕಾದದ್ದು ಮೀಡಿಯನ್. ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಂತವರ ಸಂಬಳ. ಇದು ಸಿಗುವ ಜಾಗ ಎನ್‌ಐಆರ್‌ಎಫ್, ಅಂದರೆ ಕೇಂದ್ರ ಶಿಕ್ಷಣ ಸಚಿವಾಲಯದ ರ‍್ಯಾಂಕಿಂಗ್. ಜನ ಅಲ್ಲಿ ಹೋಗಿ ರ‍್ಯಾಂಕ್ ಮಾತ್ರ ನೋಡಿ ವಾಪಸ್ ಬರುತ್ತಾರೆ. ರ‍್ಯಾಂಕಿಗಿಂತ ಉಪಯೋಗದ್ದು ಕಾಲೇಜೇ ಸಲ್ಲಿಸಿದ ಮಾಹಿತಿಯ ಪಿಡಿಎಫ್. ರ‍್ಯಾಂಕ್ ಪಟ್ಟಿಯಲ್ಲಿ ಕಾಲೇಜಿನ ಹೆಸರಿನ ಜೊತೆಗೇ ಇರುತ್ತದೆ. ರ‍್ಯಾಂಕ್ ಬಾರದ ಕಾಲೇಜು ಆದರೆ ಅವರ ವೆಬ್‌ಸೈಟಿನಲ್ಲೇ ಎನ್‌ಐಆರ್‌ಎಫ್ ಅನ್ನೋ ಕೊಂಡಿ ಹುಡುಕಿ, ಭಾಗವಹಿಸಿದ ಕಾಲೇಜುಗಳು ಹೆಚ್ಚಾಗಿ ಹಾಕಿರುತ್ತವೆ.

ಆ ಪಿಡಿಎಫ್‌ನಲ್ಲಿ ನಾಲ್ಕು ವರ್ಷದ ಪದವಿಗೆ ಒಂದು ಕೋಷ್ಟಕ ಇದೆ. ಮೊದಲ ವರ್ಷಕ್ಕೆ ಎಷ್ಟು ಸೀಟು, ಎಷ್ಟು ಜನ ಸೇರಿದರು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಎಷ್ಟು ಜನ ಬಂದರು, ನಿಗದಿತ ಅವಧಿಯಲ್ಲಿ ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಅವರ ಮೀಡಿಯನ್ ಸಂಬಳ ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು. ಒಂದೇ ಸಾಲಿನಲ್ಲಿ ಇಷ್ಟೂ ಇದೆ, ಮೂರು ಬ್ಯಾಚಿನದ್ದು.

ಈ ಸಾಲನ್ನು ನಿಧಾನವಾಗಿ ಓದೋಣ. ಉದಾಹರಣೆಗೆ ಒಂದು ಕಾಲೇಜಿಗೆ 280 ಜನ ಸೇರಿದ್ದಾರೆ, ಡಿಪ್ಲೊಮಾದಿಂದ 30 ಜನ ಬಂದಿದ್ದಾರೆ ಅಂತ ಇಟ್ಟುಕೊಳ್ಳಿ. ಒಟ್ಟು 310. ಸಮಯಕ್ಕೆ ಪಾಸಾದವರು 240. ಕೆಲಸ ಸಿಕ್ಕವರು 150. ಮೀಡಿಯನ್ 4 ಲಕ್ಷ. ಮುಂದೆ ಓದಲು ಹೋದವರು 15. ಇದೇ ಕಾಲೇಜು ಬ್ರೋಷರಿನಲ್ಲಿ "ಶೇ. 90 ಪ್ಲೇಸ್‌ಮೆಂಟ್" ಅಂತ ಹಾಕಬಹುದು. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರುವವರನ್ನು, ಕಂಪನಿ ಕೇಳಿದಷ್ಟು ಅಂಕ ಇಲ್ಲದವರನ್ನು, ಪ್ಲೇಸ್‌ಮೆಂಟಿಗೆ ಹೆಸರೇ ಕೊಡದವರನ್ನು ಲೆಕ್ಕದಿಂದ ಬಿಟ್ಟು, ಉಳಿದವರಲ್ಲಿ ಎಷ್ಟು ಅಂತ ಹೇಳಿದರೆ ಆ ಸಂಖ್ಯೆ ಸುಲಭವಾಗಿ ಬರುತ್ತದೆ. ಆದರೆ ಫೀಸು ಕಟ್ಟಿದ್ದು 310 ಜನ ಅಲ್ವಾ. 310ರಲ್ಲಿ 150 ಅಂದರೆ ಶೇ. 48.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಮೀಡಿಯನ್ 4 ಲಕ್ಷ ಅಂದರೆ ಆ 150 ಜನರಲ್ಲಿ ಅರ್ಧದಷ್ಟು, ಸುಮಾರು 75 ಜನಕ್ಕೆ ಮಾತ್ರ 4 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ. 310ರಲ್ಲಿ 75. ನಾಲ್ಕರಲ್ಲಿ ಒಬ್ಬರೂ ಪೂರ್ತಿ ಇಲ್ಲ. ತರಗತಿಯಲ್ಲಿ ನಡುವಿನಲ್ಲಿ ಇರುವ ಹುಡುಗನಿಗೆ, ಅಂದರೆ 155ನೆಯವನಿಗೆ, ಈ ಕಾಲೇಜಿನಲ್ಲಿ ಕ್ಯಾಂಪಸ್ ಕೆಲಸ ಸಿಗುವುದೇ ಅನುಮಾನ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಈ ನಡುವಿನವರೇ. ಸಾಲದ ಲೆಕ್ಕ ಇವರ ಮೇಲೆ ಹಾಕಬೇಕು, ಟಾಪರ್ ಮೇಲೆ ಅಲ್ಲ.

ಈ ಕಡತದ ಮಿತಿಯೂ ಗೊತ್ತಿರಲಿ. ಇದು ಕಾಲೇಜೇ ಕೊಟ್ಟ ಮಾಹಿತಿ. ಎಲ್ಲ ಬ್ರ್ಯಾಂಚನ್ನೂ ಸೇರಿಸಿ ಒಂದೇ ಸಂಖ್ಯೆ ಕೊಡುತ್ತಾರೆ, ಕಂಪ್ಯೂಟರ್ ಸೈನ್ಸಿನ ಸಂಬಳದಲ್ಲಿ ಸಿವಿಲ್, ಮೆಕ್ಯಾನಿಕಲ್‌ನವರ ಕಷ್ಟ ಮುಚ್ಚಿಹೋಗುತ್ತದೆ. ಅದಕ್ಕೆ ಕಾಲೇಜಿಗೆ ಹೋದಾಗ ಅಡ್ಮಿಷನ್ ಕೌಂಟರಿನಲ್ಲಿ ಕೇಳಿ ಸುಮ್ನೆ ಬರಬೇಡಿ, ಕ್ಯಾಂಟೀನಿಗೆ ಹೋಗಿ ನಿಮಗೆ ಬೇಕಾದ ಬ್ರ್ಯಾಂಚಿನ ಕೊನೇ ವರ್ಷದ ಹುಡುಗರನ್ನು ಮಾತಾಡಿಸಿ. "ಪ್ಲೇಸ್‌ಮೆಂಟ್ ಹೇಗಿದೆ" ಅಂತ ಕೇಳಿದರೆ "ಪರವಾಗಿಲ್ಲ ಅಂಕಲ್" ಅಂತಾರೆ. ಹೀಗೆ ಕೇಳಿ: ನಿಮ್ಮ ಸೆಕ್ಷನ್‌ನಲ್ಲಿ ಎಷ್ಟು ಜನ ಇದ್ದೀರಿ, ಅದರಲ್ಲಿ ಆಫರ್ ಲೆಟರ್ ಬಂದದ್ದು ಎಷ್ಟು ಜನಕ್ಕೆ, ಹೋದ ವರ್ಷದ ಸೀನಿಯರ್‌ಗಳಲ್ಲಿ ನಿಜವಾಗಿ ಕೆಲಸಕ್ಕೆ ಸೇರಿದವರು ಎಷ್ಟು ಜನ. ಕೊನೆಯದು ತುಂಬಾ ಮುಖ್ಯ. 2022ರಲ್ಲಿ ಆಫರ್ ಕೊಟ್ಟ ಕೆಲವು ಐಟಿ ಕಂಪನಿಗಳು ಹುಡುಗರನ್ನು ಎರಡು ವರ್ಷದವರೆಗೆ ಕಾಯಿಸಿದವು. ಕಾಲೇಜಿನ ಲೆಕ್ಕದಲ್ಲಿ ಅವರೆಲ್ಲ ಪ್ಲೇಸ್ ಆದವರೇ, ಬ್ಯಾಂಕಿನ ಬಡ್ಡಿ ಮಾತ್ರ ಕಾಯಲಿಲ್ಲ.

ಪ್ಯಾಕೇಜ್ ಬೇರೆ, ಕೈಗೆ ಬರುವ ಸಂಬಳ ಬೇರೆ

ದೊಡ್ಡ ಐಟಿ ಸೇವಾ ಕಂಪನಿಗಳು ಸಾಮಾನ್ಯ ಹುದ್ದೆಗೆ ಹೊಸಬರನ್ನು ತಗೊಳ್ಳುವುದು ವರ್ಷಕ್ಕೆ ಸುಮಾರು 3.5 ಲಕ್ಷಕ್ಕೆ. ಹತ್ತು ವರ್ಷದ ಹಿಂದೆಯೂ ಹೆಚ್ಚುಕಡಿಮೆ ಇಷ್ಟೇ ಇತ್ತು, ಫೀಸು ಮಾತ್ರ ಏರುತ್ತಾ ಬಂದಿದೆ. ನನಗೆ ನಿಜವಾಗಿ ಬೇಜಾರಾಗುವ ವಿಷಯ ಇದು.

3.6 ಲಕ್ಷದ ಆಫರ್ ಲೆಟರನ್ನು ಬಿಡಿಸಿ ನೋಡಿ. ತಿಂಗಳಿಗೆ 30,000 ಅನ್ನಿಸುತ್ತದೆ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ ಪಾಲು 1,800 ಸೇರಿದೆ. ಮೂಲ ವೇತನ 15,000 ಇದ್ದರೆ ಗ್ರಾಚ್ಯುಟಿ (ವರ್ಷಗಟ್ಟಲೆ ಕೆಲಸ ಮಾಡಿ ಬಿಟ್ಟಾಗ ಕೊಡುವ ಹಣ) ಹೆಸರಲ್ಲಿ ಸುಮಾರು 720. ವೇರಿಯಬಲ್ ಪೇ ಅಂತ ಒಂದು 2,000 ಇದ್ದರೆ ಅದು ತಿಂಗಳ ಸಂಬಳದಲ್ಲಿ ಬರುವುದಿಲ್ಲ, ಪೂರ್ತಿ ಬರುತ್ತದೆ ಅನ್ನುವ ಭರವಸೆಯೂ ಇಲ್ಲ. ಆಮೇಲೆ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಇಷ್ಟೆಲ್ಲ ಕಳೆದು ಖಾತೆಗೆ ಬೀಳುವುದು 23,500ರ ಹತ್ತಿರ. ಯಾವುದೇ ಪ್ಯಾಕೇಜ್ ಹೇಳಿದರೂ ಹೀಗೇ ಬಿಡಿಸಿ ನೋಡಿ. ದೊಡ್ಡ ಆಫರುಗಳಲ್ಲಿ ಜಾಯಿನಿಂಗ್ ಬೋನಸ್, ಎರಡು ವರ್ಷ ಇದ್ದರೆ ಕೊಡುವ ಬೋನಸ್, ಷೇರು ಎಲ್ಲ ಸೇರಿಸಿರುತ್ತಾರೆ. ಕಂತು ಕಟ್ಟಲು ಅವು ಲೆಕ್ಕಕ್ಕಿಲ್ಲ. "ಆರು ತಿಂಗಳು ಇಂಟರ್ನ್‌ಶಿಪ್, ಕೆಲಸ ನೋಡಿ ಆಮೇಲೆ ಖಾಯಂ" ಅನ್ನೋ ಆಫರನ್ನೂ ಕೆಲಸ ಅಂತ ಎಣಿಸಬೇಡಿ.

ಒಂದು ಲಕ್ಷ ಸಾಲಕ್ಕೆ ತಿಂಗಳಿಗೆ 1,800

ಈಗ ಸಾಲದ ಕಡೆ. ಶಿಕ್ಷಣ ಸಾಲದಲ್ಲಿ ಓದುವ ಅವಧಿ ಮತ್ತು ಅದಾದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಇದನ್ನು ಕೇಳಿ ಸಮಾಧಾನ ಆಗುತ್ತದೆ, ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಈ ಅವಧಿಯಲ್ಲಿ ಸರಳ ಬಡ್ಡಿ ಹಾಕಿ, ಕೊನೆಗೆ ಅಸಲಿಗೆ ಸೇರಿಸಿ, ಆಮೇಲೆ ಕಂತು ಲೆಕ್ಕ ಹಾಕುತ್ತಾರೆ.

7.5 ಲಕ್ಷ ಸಾಲ, ಬಡ್ಡಿ ಶೇ. 10, ನಾಲ್ಕು ವರ್ಷ ಸಮನಾಗಿ ಬಿಡುಗಡೆ ಅಂದುಕೊಳ್ಳಿ. ವರ್ಷಕ್ಕೆ 1,87,500. ಮೊದಲ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಹೀಗೆ ಇಳಿಯುತ್ತಾ ಒಟ್ಟು ಬಡ್ಡಿ 2,62,500. ಕಂತು ಶುರುವಾಗುವ ದಿನ ಸಾಲ 10,12,500 ಆಗಿರುತ್ತದೆ. ಹತ್ತು ವರ್ಷಕ್ಕೆ ತೀರಿಸಿದರೆ ತಿಂಗಳಿಗೆ ಸುಮಾರು 13,380. ಒಟ್ಟು ಕಟ್ಟುವುದು 16 ಲಕ್ಷ. ಹದಿನೈದು ವರ್ಷ ಮಾಡಿಕೊಂಡರೆ ಕಂತು 10,880ಕ್ಕೆ ಇಳಿಯುತ್ತದೆ, ಒಟ್ಟು ಹತ್ತೊಂಬತ್ತೂವರೆ ಲಕ್ಷ ಆಗುತ್ತದೆ.

ಇದನ್ನು ಬಾಯಿಲೆಕ್ಕಕ್ಕೆ ಇಳಿಸಿದರೆ, ಸಾಲ ಮಾಡುವ ಪ್ರತಿ ಒಂದು ಲಕ್ಷಕ್ಕೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 1,800. ಇಷ್ಟು ನೆನಪಿದ್ದರೆ ಯಾವ ಕಾಲೇಜಿನ ಅಂಗಳದಲ್ಲಿ ನಿಂತೂ ಲೆಕ್ಕ ಹಾಕಬಹುದು.

ಈಗ ಎರಡನ್ನೂ ಜೋಡಿಸಿ. ಖಾತೆಗೆ 23,500 ಬರುವ ಹುಡುಗಿ 13,380 ಕಂತು ಕಟ್ಟಿದರೆ ಉಳಿಯುವುದು ಹತ್ತು ಸಾವಿರ. ಬೆಂಗಳೂರಿನಲ್ಲಿ ಊಟ ಸೇರಿ ಪಿಜಿಗೇ ಅಷ್ಟು ಬೇಕು. ಬಸ್ಸು, ಫೋನು, ಊರಿಗೆ ಹೋಗಿಬರುವ ಖರ್ಚು, ಒಂದು ಜ್ವರ ಬಂದರೆ ಔಷಧಿ, ಇದಕ್ಕೆಲ್ಲ ಅಪ್ಪನಿಗೇ ಫೋನ್ ಮಾಡಬೇಕು. ಕೆಲಸ ಸಿಕ್ಕಿಯೂ ಮನೆಯಿಂದ ದುಡ್ಡು ತರಿಸಿಕೊಳ್ಳುವ ಮಕ್ಕಳ ಸಂಕಟ ಚಿಕ್ಕದಲ್ಲ.

ನನ್ನ ಅಭಿಪ್ರಾಯದಲ್ಲಿ ಕಂತು ಕೈಗೆ ಬರುವ ಸಂಬಳದ ಕಾಲುಭಾಗದಲ್ಲಿ ಇರಬೇಕು, ತೀರಾ ಅಂದರೆ ಮೂರನೇ ಒಂದು ಭಾಗ. 23,500ರ ಕಾಲುಭಾಗ ಸುಮಾರು 5,900. ಅದರಲ್ಲಿ 3.3 ಲಕ್ಷದ ಸಾಲ ತೀರುತ್ತದೆ. ಮೂರನೇ ಒಂದು ಭಾಗ ಅಂದರೆ 4.4 ಲಕ್ಷ. ಗಮನಿಸಿ, ಇದು ಸರಿಸುಮಾರು ಒಂದು ವರ್ಷದ ಪ್ಯಾಕೇಜಿನಷ್ಟೇ ಆಯಿತು. ಹಾಗಾಗಿ ಆ ಕಾಲೇಜಿನ ಮೀಡಿಯನ್ ಪ್ಯಾಕೇಜ್ ಎಷ್ಟೋ ಅಷ್ಟಕ್ಕೇ ಒಟ್ಟು ಸಾಲ ನಿಲ್ಲಿಸಿ. ಕೆಲಸ ಸಿಕ್ಕವರು ಸೇರಿದವರಲ್ಲಿ ಅರ್ಧಕ್ಕಿಂತ ಕಡಿಮೆ ಇದ್ದರೆ ಇನ್ನೂ ಇಳಿಸಿ, ಯಾಕಂದರೆ ಆಗ ಆ ಮೀಡಿಯನ್ ಕೂಡ ನಿಮ್ಮದಾಗದೇ ಹೋಗಬಹುದು.

ಎರಡು ಸೀಟು ಎದುರಿಗಿದ್ದಾಗ

ಹೆಚ್ಚಿನ ಮನೆಗಳಲ್ಲಿ ಕೊನೆಗೆ ಉಳಿಯುವ ಪ್ರಶ್ನೆ ಇದು. ಒಂದು ಕಡೆ ಮನೆಗೆ ಹತ್ತಿರದ ಕಾಲೇಜು, ಸಿಇಟಿ ಸೀಟು, ಫೀಸು ವರ್ಷಕ್ಕೆ ಒಂದು ಲಕ್ಷದ ಆಸುಪಾಸು. ಇನ್ನೊಂದು ಕಡೆ ಬೆಂಗಳೂರಿನ ಹೆಸರಾದ ಕಾಲೇಜು, ಖಾಸಗಿ ಕಾಲೇಜುಗಳೇ ನಡೆಸುವ ಪರೀಕ್ಷೆಯ ಮೂಲಕ ಸಿಗುವ ಕಾಮೆಡ್‌ಕೆ ಸೀಟು, ಹಾಸ್ಟೆಲ್ ಎಲ್ಲ ಸೇರಿ ವರ್ಷಕ್ಕೆ ನಾಲ್ಕು ಲಕ್ಷ. ನಾಲ್ಕು ವರ್ಷಕ್ಕೆ ಒಂದರದ್ದು ಓಡಾಟ ಸೇರಿ 5 ಲಕ್ಷ, ಇನ್ನೊಂದರದ್ದು 16 ಲಕ್ಷ. ವ್ಯತ್ಯಾಸ 11 ಲಕ್ಷ. ಅದನ್ನು ಪೂರ್ತಿ ಸಾಲ ಮಾಡಿದರೆ ಕಂತು ಹತ್ತು ವರ್ಷ, ತಿಂಗಳಿಗೆ ಸುಮಾರು 19,600.

ಈಗ ಕೇಳಬೇಕಾದ ಪ್ರಶ್ನೆ ಒಂದೇ. ದುಬಾರಿ ಕಾಲೇಜಿನ ನಡುವಿನ ವಿದ್ಯಾರ್ಥಿಗೆ, ಹತ್ತಿರದ ಕಾಲೇಜಿನ ನಡುವಿನವನಿಗಿಂತ ತಿಂಗಳಿಗೆ 19,600ರಷ್ಟಾದರೂ ಜಾಸ್ತಿ ಸಂಬಳ ಸಿಗುತ್ತದೆಯಾ? ಇಲ್ಲಿ 3.6 ಲಕ್ಷ, ಅಲ್ಲಿ 6 ಲಕ್ಷ ಮೀಡಿಯನ್ ಇದ್ದರೆ ಕೈಗೆ ಬರುವುದರಲ್ಲಿ ವ್ಯತ್ಯಾಸ 16-17 ಸಾವಿರ. ಹೆಚ್ಚಿಗೆ ಬಂದದ್ದು ಪೂರ್ತಿ ಕಂತಿಗೇ ಹೋಗಿ, ಇನ್ನೂ ಕೈಯಿಂದ ಹಾಕಬೇಕು. ಅಲ್ಲಿ ಮೀಡಿಯನ್ 10 ಲಕ್ಷ ಇದ್ದು, ಸೇರಿದವರಲ್ಲಿ ಮುಕ್ಕಾಲು ಜನಕ್ಕೆ ಕೆಲಸ ಸಿಗುತ್ತಿದ್ದರೆ ಮಾತು ಬೇರೆ, ಆಗ ಆ ಸೀಟು ಸಾಲಕ್ಕೆ ಯೋಗ್ಯ, ಧೈರ್ಯವಾಗಿ ತಗೊಳ್ಳಿ. ಹೆಸರು ನೋಡಿ ಹೌದು ಅನ್ನುವುದೂ, ಸಾಲ ಅಂದ ಕೂಡಲೇ ಬೇಡ ಅನ್ನುವುದೂ ಎರಡೂ ತಪ್ಪು.

ಇನ್ನೊಂದು ವಿಷಯ. ಸಾಮಾನ್ಯವಾಗಿ 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕ್ ನಿಮ್ಮ ಪಾಲಿನ ಹಣ ಕೇಳುವುದಿಲ್ಲ. 7.5 ಲಕ್ಷದವರೆಗೆ ಅಡಮಾನ ಬೇಕಿಲ್ಲ, ಕೇಂದ್ರದ ಸಾಲ ಖಾತರಿ ಯೋಜನೆ ಇದೆ. ಅದನ್ನು ದಾಟಿದರೆ ಹೆಚ್ಚಾಗಿ ಸೈಟು ಅಥವಾ ಮನೆ ಪತ್ರ ಇಡಬೇಕಾಗುತ್ತದೆ. ಹಾಗಾಗಿ 11 ಲಕ್ಷದ ಆ ತೀರ್ಮಾನ ಮನೆ ಪತ್ರದ ತೀರ್ಮಾನವೂ ಹೌದು, ಅದನ್ನು ಮಗನಿಗೂ ಬಿಡಿಸಿ ಹೇಳಿ. ಕಂತು ತಪ್ಪಿದರೆ ಕೆಡುವುದು ಅವನ ಸಿಬಿಲ್ (ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕ) ಒಂದೇ ಅಲ್ಲ, ಜೊತೆಗೆ ಸಹಿ ಹಾಕಿದ ಅಪ್ಪನದ್ದೂ ಕೆಡುತ್ತದೆ. ತಂಗಿಯ ಓದಿಗೆ ಸಾಲ ಕೇಳಲು ಹೋದಾಗ ಅದು ಎದುರು ಬರುತ್ತದೆ.

ಮ್ಯಾನೇಜ್‌ಮೆಂಟ್ ಸೀಟಿಗೆ ರಸೀದಿ ಇಲ್ಲದೆ ಕೇಳುವ ಹಣದ ಬಗ್ಗೆ ಒಂದೇ ಮಾತು. ಅದಕ್ಕೆ ಬ್ಯಾಂಕ್ ಸಾಲ ಇಲ್ಲ, ಹೊರಗೆ ಬಡ್ಡಿಗೆ ತರಬೇಕು. ಕ್ಯಾಪಿಟೇಷನ್ ಫೀಸನ್ನು ಕರ್ನಾಟಕದಲ್ಲಿ 1984ರ ಕಾಯ್ದೆಯೇ ನಿಷೇಧಿಸಿದೆ. ಇಂಥ ಹಣಕ್ಕೆ ಜಮೀನು ಮಾರುವುದು ಬೇಡವೇ ಬೇಡ.

ಸಾಲವನ್ನೇ ಚಿಕ್ಕದು ಮಾಡುವ ದಾರಿಗಳು

ಸಾಲ ಹುಡುಕುವ ಮೊದಲು ಫೀಸು ಇಳಿಸುವ ದಾರಿ ಹುಡುಕಿ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ, ಇರುವ ಸೀಟಿನ ಮೇಲೆ ಹೆಚ್ಚುವರಿಯಾಗಿ ಕೊಡುವ ಎಸ್‌ಎನ್‌ಕ್ಯೂ ಸೀಟುಗಳಿವೆ, ಬೋಧನಾ ಶುಲ್ಕ ಮಾಫಿ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ. ಬಿಇಒ ಸಹಿ ಮಾಡಿದ ವ್ಯಾಸಂಗ ಪ್ರಮಾಣಪತ್ರ, ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಮೊದಲೇ ಸಿದ್ಧ ಇರಲಿ. ಒಂದು ಕಾಗದ ಸಮಯಕ್ಕೆ ಸಿಗದೆ ಸರ್ಕಾರಿ ಫೀಸಿನ ಸೀಟು ಕೈತಪ್ಪಿದರೆ ಆ ನಷ್ಟ ಲಕ್ಷಗಳಲ್ಲಿ.

ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳನ್ನು ಪಟ್ಟಿಯಿಂದ ಸುಮ್ನೆ ತೆಗೆಯಬೇಡಿ. ಬೆಂಗಳೂರಿನ ಯುವಿಸಿಇ ಎಲ್ಲರಿಗೂ ಗೊತ್ತು. ಹಾಸನ, ಹಾವೇರಿ, ರಾಮನಗರ, ಕಾರವಾರದಲ್ಲೂ ಇವೆ. ಅಲ್ಲಿ ಉಳಿಯುವ ದುಡ್ಡು ಮಗಳಿಗೆ ಕೆಲಸ ಹುಡುಕಲು ಒಂದು ವರ್ಷ ಬೆಂಗಳೂರಿನಲ್ಲಿ ಉಳಿಯುವ ಶಕ್ತಿ ಕೊಡುತ್ತದೆ, ಸಿಕ್ಕಿದ ಮೊದಲ ಕೆಲಸಕ್ಕೆ ತಲೆಬಾಗಬೇಕಿಲ್ಲ.

ಎಸ್‌ಎಸ್‌ಎಲ್‌ಸಿ ಓದುತ್ತಿರುವ ಮಕ್ಕಳಿರುವ ಮನೆಯವರಿಗೆ ಹೇಳುವುದಾದರೆ, ಡಿಪ್ಲೊಮಾ ದಾರಿಯನ್ನು ಗಂಭೀರವಾಗಿ ನೋಡಿ. ಮೂರು ವರ್ಷ ಪಾಲಿಟೆಕ್ನಿಕ್, ಆಮೇಲೆ ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದು ನೇರ ಎರಡನೇ ವರ್ಷದ ಇಂಜಿನಿಯರಿಂಗ್. ಒಟ್ಟು ಆರು ವರ್ಷ, ಪಿಯುಸಿ ದಾರಿಯಷ್ಟೇ. ಪದವಿಯ ಫೀಸು ಮೂರೇ ವರ್ಷದ್ದು, ಪಿಯುಸಿ ಕೋಚಿಂಗಿನ ಲಕ್ಷಗಳೂ ಉಳಿಯುತ್ತವೆ, ಮಧ್ಯದಲ್ಲಿ ನಿಂತರೂ ಕೈಯಲ್ಲಿ ಒಂದು ಕೆಲಸದ ಸರ್ಟಿಫಿಕೇಟ್ ಇರುತ್ತದೆ.

ಸಾಲ ಬೇಕೇ ಬೇಕು ಅಂದಾಗ, ಅಗ್ಗದ್ದರಿಂದ ಶುರು ಮಾಡಿ. ಹಿಂದುಳಿದ ವರ್ಗಗಳ ದೇವರಾಜ ಅರಸು ನಿಗಮ ಮತ್ತು ಅಲ್ಪಸಂಖ್ಯಾತರ ನಿಗಮದ ಅರಿವು ಶಿಕ್ಷಣ ಸಾಲಕ್ಕೆ ಶೇ. 2 ಮಾತ್ರ. ಅದು ಸಾಲದಿದ್ದರೆ ಸರ್ಕಾರಿ ಬ್ಯಾಂಕ್. ಖಾಸಗಿ ಫೈನಾನ್ಸ್ ಕಂಪನಿಗಳು ಕಾಲೇಜಿನ ಒಳಗೇ ಮೇಜು ಹಾಕಿಕೊಂಡು ಬೇಗ ಸಾಲ ಕೊಡುತ್ತವೆ, ಬಡ್ಡಿ ಸಾಮಾನ್ಯವಾಗಿ ಜಾಸ್ತಿ. ಅದು ಕೊನೆಗೆ.

ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ದರೆ, ಓದುವ ಅವಧಿ ಮತ್ತು ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ ಇದೆ. ಇದು ಸಿಕ್ಕರೆ ಮೇಲಿನ ಲಕ್ಷಕ್ಕೆ 1,800ರ ಲೆಕ್ಕ 1,320ಕ್ಕೆ ಇಳಿಯುತ್ತದೆ. ಅರ್ಜಿ ಹಾಕುವಾಗಲೇ ಈ ಸಬ್ಸಿಡಿ ಬೇಕು ಅಂತ ಹೇಳಿ, ಆದಾಯ ಪ್ರಮಾಣಪತ್ರ ಕೊಡಿ. 2024ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯೂ ಇದೆ. ಅದರ ಪಟ್ಟಿಯಲ್ಲಿರುವ ಕಾಲೇಜಿಗೆ ಮೆರಿಟ್ ಮೇಲೆ ಸೀಟು ಸಿಕ್ಕಿದ್ದರೆ ಅಡಮಾನ, ಜಾಮೀನುದಾರ ಎರಡೂ ಬೇಡ. ಆದಾಯ 8 ಲಕ್ಷದವರೆಗೆ ಇದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯಲ್ಲಿ ಶೇ. 3 ರಿಯಾಯಿತಿ.

ಸಾಲ ಆಗಲೇ ತಗೊಂಡಿದ್ದರೆ

ಓದುವಾಗಲೇ ಬಡ್ಡಿ ಕಟ್ಟುತ್ತಾ ಬನ್ನಿ. 7.5 ಲಕ್ಷದ ಉದಾಹರಣೆಯಲ್ಲಿ ಮೊದಲ ವರ್ಷ ತಿಂಗಳಿಗೆ ಸುಮಾರು 1,560, ನಾಲ್ಕನೇ ವರ್ಷ 6,250. ಪೂರ್ತಿ ಆಗದಿದ್ದರೆ ಆದಷ್ಟು. ಕಟ್ಟಿದರೆ ಹತ್ತು ವರ್ಷದ ಕಂತು 13,380ರ ಬದಲು 9,900ಕ್ಕೆ ನಿಲ್ಲುತ್ತದೆ. ಓದುವಾಗ ಬಡ್ಡಿ ಕಟ್ಟಿದವರಿಗೆ ಬಡ್ಡಿದರದಲ್ಲೇ ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ, ಕೇಳಿ ನೋಡಿ. ಹೆಣ್ಣುಮಕ್ಕಳಿಗೂ ಹಲವು ಸರ್ಕಾರಿ ಬ್ಯಾಂಕುಗಳಲ್ಲಿ ಶೇ. 0.5 ಕಡಿಮೆ.

ಪ್ರತಿ ವರ್ಷ ಮಂಜೂರಾದಷ್ಟೂ ಹಣ ಎತ್ತಲೇಬೇಕು ಅಂತ ಏನಿಲ್ಲ. ಆ ವರ್ಷ ಸ್ಕಾಲರ್‌ಶಿಪ್ ಬಂದಿದ್ದರೆ, ಬೆಳೆಗೆ ಒಳ್ಳೆ ರೇಟು ಸಿಕ್ಕಿದ್ದರೆ, ಅಷ್ಟು ಕಡಿಮೆ ಬಿಡುಗಡೆ ಮಾಡಿ ಅಂತ ಬ್ಯಾಂಕಿಗೆ ಪತ್ರ ಕೊಡಿ. ಕೆಲಸ ಸಿಕ್ಕ ಮೇಲೆ ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದರೆ ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷ ವಿನಾಯಿತಿ ಇದೆ, ಹೊಸ ಪದ್ಧತಿಯಲ್ಲಿ ಇಲ್ಲ. 23 ಸಾವಿರದ ಸಂಬಳಕ್ಕೆ ತೆರಿಗೆಯೇ ಬರುವುದಿಲ್ಲ, ಹಾಗಾಗಿ "ತೆರಿಗೆ ಉಳಿಯುತ್ತದೆ" ಅಂತ ಯಾರಾದರೂ ಸಾಲ ಮಾರಲು ಬಂದರೆ ಅದನ್ನು ಲೆಕ್ಕಕ್ಕೆ ತಗೊಳ್ಳಬೇಡಿ.

ಕೆಲಸ ಸಿಗದೆ ಕಂತಿನ ದಿನ ಹತ್ತಿರ ಬಂದರೆ ಬ್ಯಾಂಕಿನವರ ಫೋನ್ ತಪ್ಪಿಸಬೇಡಿ. ಕಂತು ತಪ್ಪುವ ಮುಂಚೆಯೇ ಬ್ರ್ಯಾಂಚಿಗೆ ಹೋಗಿ, ಅವಧಿ ವಿಸ್ತರಿಸಲು ಲಿಖಿತವಾಗಿ ಕೇಳಿ, ಕೊಟ್ಟ ಪತ್ರದ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.